ಅಣ್ಣ ಮುದ್ರಿಸದ ಡಬ್ಬಿ

ದೇವರು ಮನುಷ್ಯರಿಗೆ ಕಾಲು ಹಂಚುವಾಗ ಅಳತೆಪಟ್ಟಿ ಹಿಡಿದು ಕೂತಿರುವುದಿಲ್ಲ. ಕೊಡುವ ಕೈ ದೊಡ್ಡದು, ತೆಗೆದುಕೊಳ್ಳುವವರ ಸಾಲು ಉದ್ದ. ಅವಸರದಲ್ಲಿ ಯಾರಿಗೋ ಒಂದು ಕಾಲು ಎರಡು ಬೆರಳು ಗಿಡ್ಡವಾಗಿ ಬಂದುಬಿಡುತ್ತದೆ. ಜಿಪ್ಪಕ್ಕನಿಗೆ ಬಂದದ್ದು ಹಾಗೆ. ಅದಕ್ಕಾಗಿ ಅವಳಿಗೆ ದೇವರ ಮೇಲೆ ಸಿಟ್ಟಿರಲಿಲ್ಲ. "ಅವನ ಲೆಕ್ಕ ಅವನಿಗೆ ಗೊತ್ತು," ಎನ್ನುತ್ತಿದ್ದಳು. ಸಿಟ್ಟಿದ್ದದ್ದು ಆ ಎರಡು ಬೆರಳನ್ನು ದಿನಬೆಳಗಾದರೆ ಅಳೆದು ತೋರಿಸುವ ಮನುಷ್ಯರ ಮೇಲೆ.

ಜಿಪ್ಪಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಚೀಲ, ಸೂಟ್‌ಕೇಸು, ಜಾಕೆಟ್ಟು, ಡೇರೆ, ಯಾವುದರ ಜಿಪ್ಪಾದರೂ ಸರಿ, ಹಲ್ಲು ಕಚ್ಚಿ ಕೂತದ್ದು ಅವಳ ಕೈಗೆ ಬಂದರೆ ಬಾಯಿ ಬಿಡಲೇಬೇಕು. ಅಣ್ಣನ ಜೆರಾಕ್ಸ್ ಅಂಗಡಿಯ ಪಕ್ಕ, ಮನೆಗೆ ಹತ್ತುವ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಅವಳ ಹೊಲಿಗೆ ಯಂತ್ರ. ಒಂದು ಇಕ್ಕಳ, ಒಂದು ಮೇಣದ ತುಂಡು, ಬಿಸ್ಕತ್ತಿನ ಡಬ್ಬದ ತುಂಬ ಜಿಪ್ಪು ಎಳೆಯುವ ಹಳೆಯ ರನ್ನರುಗಳು. ಎದುರಿಗೆ ಕಿಟಕಿ. ಕಿಟಕಿಯಾಚೆ ತಾರಸಿಗಳು, ನೀರಿನ ಟ್ಯಾಂಕುಗಳು, ಅವುಗಳಾಚೆ ಒಂದು ಗುಡ್ಡ. ಗುಡ್ಡದ ಪಕ್ಕೆಯನ್ನು ಯಾರೋ ಕಚ್ಚಿ ತೆಗೆದಂತೆ ಬೆಳ್ಳಗೆ ಕಾಣುವ ಹಳೆಯ ಕಲ್ಲುಗಣಿ. ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ದಾರ ಪೋಣಿಸಲೆಂದು ಸೂಜಿಯನ್ನು ಬೆಳಕಿಗೆ ಹಿಡಿದರೆ, ಆ ಬಿಳಿ ಗಾಯ ಸೂಜಿಯ ಕಣ್ಣಿನಲ್ಲಿ ಸರಿಯಾಗಿ ಬಂದು ಕೂರುತ್ತಿತ್ತು. ಅವಳು ಅದನ್ನು ದಿನವೂ ನೋಡುತ್ತಿದ್ದಳು. ಹತ್ತಬೇಕೆಂದು ಯಾವತ್ತೂ ಅಂದುಕೊಂಡಿರಲಿಲ್ಲ. ಚಂದ್ರನನ್ನು ನೋಡುವವರೆಲ್ಲ ಹೋಗಬೇಕು ಅಂದುಕೊಳ್ಳುತ್ತಾರೆಯೇ?

ಡಬ್ಬಿ ಹುಡುಕುವ ಆಟವನ್ನು ಆ ಬೀದಿಗೆ ತಂದವನು ಕಂಡಕ್ಟರ್. ಬಸ್ಸಿನ ಕೆಲಸದಿಂದ ನಿವೃತ್ತನಾದ ಮೇಲೂ ಕಾಲು ನಿಲ್ಲದ ಮನುಷ್ಯ. ಒಂದು ದಿನ ಬೆನ್ನುಚೀಲದ ಜಿಪ್ಪು ಕಿತ್ತುಕೊಂಡು ಬಂದು, ಸ್ಟೂಲಿನ ಮೇಲೆ ಕೂತು ಕಥೆ ಬಿಚ್ಚಿದ.

"ಜಿಯೋಕ್ಯಾಚಿಂಗ್ ಅಂತ ಜಿಪ್ಪಕ್ಕ. ಯಾರೋ ಒಬ್ರು ಒಂದು ಡಬ್ಬೀನ ಎಲ್ಲೋ ಬಚ್ಚಿಡ್ತಾರೆ. ಎಲ್ಲಿ ಅಂತ ಅಕ್ಷಾಂಶ ರೇಖಾಂಶ ಇಂಟರ್‌ನೆಟ್‌ಗೆ ಹಾಕ್ತಾರೆ. ನಾವು ಹೋಗಿ ಹುಡುಕಿ, ಒಳಗಿರೋ ಪುಸ್ತಕದಲ್ಲಿ ಹೆಸರು ಬರೆದು, ಹೇಗಿತ್ತೋ ಹಾಗೇ ಮುಚ್ಚಿಟ್ಟು ಬರಬೇಕು."

"ಸಿಗೋದೇನು?"

"ಡಬ್ಬಿ."

"ಡಬ್ಬೀನ ಅಲ್ಲೇ ಬಿಟ್ಟು ಬರಬೇಕು ಅಂದ್ರಲ್ಲ."

"ಹೂಂ, ಬಿಡಬೇಕು."

"ಹಾಗಾದ್ರೆ ಸಿಕ್ಕಿದ್ದೇನು, ಕಂಡಕ್ಟ್ರೇ?"

ಕಂಡಕ್ಟರ್ ತಲೆ ಕೆರೆದುಕೊಂಡ. "ಹೋಗಿದ್ದು," ಎಂದ.

ಆ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಅಲ್ಲ, ಬೀಜದಂತೆ ಬಿತ್ತು. ಅವತ್ತೇ ಅಣ್ಣನಿಗೆ ಹೇಳಿದಳು. ಅಣ್ಣನೂ ಖುಷಿಪಟ್ಟ. ತಂಗಿಗೆ ಹೊರಗಿನ ಗಾಳಿ ಸಿಕ್ಕೀತು ಎಂದು ಅವನಿಗೆ ಸಂತೋಷ, ಅಂಗಡಿಯ ಪ್ರಿಂಟರಿಗೆ ಒಂದು ಒಳ್ಳೆಯ ಕೆಲಸ ಸಿಕ್ಕಿತೆಂದು ಇನ್ನೊಂದು ಸಂತೋಷ.

ಅಂದಿನಿಂದ ಅದೊಂದು ಕಟ್ಟಳೆಯಾಯಿತು. ರಜೆಯ ಹಿಂದಿನ ಸಂಜೆ ಅಣ್ಣ ಒಂದೊಂದು ಡಬ್ಬಿಗೆ ಒಂದೊಂದು ಹಾಳೆ ಮುದ್ರಿಸುತ್ತಿದ್ದ. ಡಬ್ಬಿ ಎಲ್ಲಿದೆ, ಯಾರು ಇಟ್ಟದ್ದು, ಸುಳಿವೇನು, ಹಿಂದೆ ಹುಡುಕಿದವರು ಏನೆಂದರು, ಎಲ್ಲ ಅದರಲ್ಲಿ. ಮೂಲೆಯಲ್ಲಿ ದಾರಿ ಎಷ್ಟು ಕಷ್ಟ ಎಂದು ತಿಳಿಸುವ ನಕ್ಷತ್ರಗಳು; ಒಂದಿದ್ದರೆ ಸಲೀಸು, ಐದಿದ್ದರೆ ದೇವರೇ ಗತಿ. ಹಾಳೆಗಳಿಗೆ ಪಿನ್ನು ಹೊಡೆದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸೇರಿಸಿ, ಬೆಳಿಗ್ಗೆ ತಂಗಿಯ ಕೈಗಿಡುತ್ತಿದ್ದ. ಅಣ್ಣನ ಕಾಗದ ಜಾಗ ಹೇಳುತ್ತಿತ್ತು, ಅಣ್ಣನ ಫೋನು ದಾರಿ ತೋರುತ್ತಿತ್ತು, ಅಣ್ಣನ ಸ್ಕೂಟರು ಕರೆದೊಯ್ಯುತ್ತಿತ್ತು. ಅವಳದೆಂದು ಇದ್ದದ್ದು ಕಣ್ಣು ಮಾತ್ರ. ಉದ್ಯಾನದ ಬೆಂಚಿನ ಅಡಿ, ಸೇತುವೆಯ ಕಂಬಿ, ಗ್ರಂಥಾಲಯದ ಬೇಲಿ, ಎಲ್ಲೇ ಇರಲಿ, ಡಬ್ಬಿಯನ್ನು ಅವಳೇ ಕಾಣುತ್ತಿದ್ದಳು. ಪುಸ್ತಕದಲ್ಲಿ ಅಣ್ಣ ದುಂಡಗೆ ಬರೆಯುತ್ತಿದ್ದ: "ಅಣ್ಣತಂಗಿ". ಆಟದಲ್ಲಿ ಇಬ್ಬರಿಗೂ ಸೇರಿ ಅದೇ ಹೆಸರು.

ಕೆಲವು ಕಾಲದ ಮೇಲೆ ಹಾಳೆಗಳು ತೆಳುವಾದವು. "ಊರಲ್ಲಿರೋದೇ ಇಷ್ಟು ಕಣೇ," ಎಂದ ಅಣ್ಣ. ಅವಳು ನಂಬಿದಳು.

ಕಾಗದದ ಹಣೆಬರಹ ಗೊತ್ತೇ ಇದೆ. ಒಂದು ದಿನ ಸೇತುವೆಯ ಮೇಲೆ ಗಾಳಿ ಬೀಸಿ ಹಾಳೆಗಳೆಲ್ಲ ಹಕ್ಕಿಯಂತೆ ಹಾರಿ ನೀರಿಗೆ ಬಿದ್ದವು. ಕಂಡಕ್ಟರ್ ಅಲ್ಲೇ ಇದ್ದ, ಹೊಟ್ಟೆ ಹಿಡಿದುಕೊಂಡು ನಕ್ಕ. "ಇನ್ನೂ ಕಾಗದದ ಕಾಲದಲ್ಲೇ ಇದ್ದೀರಲ್ಲಪ್ಪ! ನಾನು ಟಿಕೆಟ್ ಹರಿದು ಹರಿದು ಬೇಜಾರಾಗಿ ಕಾಗದ ಬಿಟ್ಟೆ. ಈಗ ಎಲ್ಲ ಇದರೊಳಗೇ," ಎಂದು ಕೊರಳಿಗೆ ಜೋತ ಜಿಪಿಎಸ್ ತಟ್ಟಿ ತೋರಿಸಿದ. ಮುಷ್ಟಿಯಷ್ಟು ದಪ್ಪ, ರಬ್ಬರಿನ ಮೈ, ಮಳೆಗೂ ಜಗ್ಗದು, ಬಿದ್ದರೂ ಅಳದು. "ಹಳೇದೊಂದು ಮನೇಲಿ ಬಿದ್ದಿದೆ. ನನ್ನ ಡೇರೆಯ ಜಿಪ್ಪು ಹಾಕಿಕೊಡು, ಅದು ನಿನ್ನದು."

ಡೇರೆಗೆ ಜಿಪ್ಪು ಬಿತ್ತು, ಜಿಪಿಎಸ್ ಜಿಪ್ಪಕ್ಕನ ಕೊರಳಿಗೆ ಬಂತು. ಕಂಡಕ್ಟರ್ ತನ್ನ ಕಂಪ್ಯೂಟರಿನ ಮುಂದೆ ಕೂರಿಸಿ, ಡಬ್ಬಿಗಳನ್ನು ಅದರೊಳಗೆ ಇಳಿಸುವುದು ಹೇಗೆಂದು ಒಮ್ಮೆ ತೋರಿಸಿ ಚಹಾ ಮಾಡಲು ಒಳಗೆ ಹೋದ. ಅವಳು ಒಂದೊಂದೇ ಗುಂಡಿ ಒತ್ತುತ್ತಾ, ತುಟಿ ಕಚ್ಚಿಕೊಂಡು, ಊರ ಸುತ್ತಲಿನದೆಲ್ಲ ಇಳಿಸಿದಳು. ಜರಡಿ ಹಿಡಿಯುವುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು.

ಜಿಪಿಎಸ್ ತೆರೆದು ನೋಡಿದರೆ, ಸಾಸಿವೆ ಚೆಲ್ಲಿದಂತೆ ಡಬ್ಬಿಗಳು! ಅಣ್ಣ ತೋರಿಸಿದ್ದು ಅದರಲ್ಲಿ ಒಂದು ಹಿಡಿ. ಉಳಿದದ್ದೆಲ್ಲ ಹೊಳೆಯ ಆಚೆ ದಡ, ಕಾಡಂಚು, ಬಂಡೆ, ಹಳೆಯ ಗೋಪುರ. ಎಲ್ಲಕ್ಕಿಂತ ಮೇಲೆ, ಪರದೆಯ ಅಂಚಿನಲ್ಲಿ, ದಿನಾ ಸೂಜಿಯ ಕಣ್ಣಿನಲ್ಲಿ ಕೂರುವ ಆ ಗಣಿಯ ನೆತ್ತಿಯಲ್ಲಿ, ಒಂದು ಡಬ್ಬಿ.

ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಡಬ್ಬಿ ಅಲ್ಲೇ ಇತ್ತು.

ಸಂಜೆ ಅಂಗಡಿಯ ಶಟರು ಅರ್ಧ ಇಳಿದಿತ್ತು. ಅಣ್ಣ ಜೆರಾಕ್ಸ್ ಯಂತ್ರದ ಹೊಟ್ಟೆ ತೆರೆದು ಟೋನರ್ ಅಲುಗಾಡಿಸುತ್ತಿದ್ದ. ಅತ್ತಿಗೆ ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಯಾರದೋ ಪ್ರಬಂಧಕ್ಕೆ ಸ್ಪೈರಲ್ ಹಾಕುತ್ತಿದ್ದಳು.

"ಅಣ್ಣಾ, ಗಣಿ ಮೇಲೆ ಒಂದು ಡಬ್ಬಿ ಇದೆ."

ಟೋನರಿನ ಅಲುಗಾಟ ನಿಂತಿತು. "ಅದು ನಾಲ್ಕೂವರೆ ನಕ್ಷತ್ರದ್ದು."

"ಅಂದ್ರೆ ನಿನಗೆ ಗೊತ್ತಿತ್ತು."

ಅಣ್ಣ ಸುಳ್ಳು ಹೇಳುವವನಲ್ಲ. ಮಸಿ ಮೆತ್ತಿದ ಕೈಯನ್ನು ಚಿಂದಿಗೆ ಒರೆಸಿಕೊಂಡ. "ಗೊತ್ತಿತ್ತು. ಎರಡು ನಕ್ಷತ್ರ ದಾಟಿದ್ದನ್ನೆಲ್ಲ ಜರಡಿ ಹಿಡಿದೇ ಪ್ರಿಂಟ್ ತೆಗೀತಿದ್ದೆ. ಅದರಲ್ಲಿ ತಪ್ಪೇನು?"

"ಊರಲ್ಲಿರೋದೇ ಇಷ್ಟು ಅಂದಿದ್ದೆ."

"ನಿನ್ನ ಪಾಲಿಗೆ ಇರೋದು ಇಷ್ಟು ಅಂತ."

ಮಾತು ಮೆತ್ತಗೇ ಇತ್ತು. ಆದರೆ ಜಿಪ್ಪಕ್ಕನಿಗೆ ಕೆನ್ನೆಗೆ ಬಿದ್ದ ಹಾಗಾಯಿತು. ತನ್ನ ಪಾಲನ್ನು ಯಾರೋ ಅಳೆದು ಕತ್ತರಿಸಿ, ಪಿನ್ನು ಹೊಡೆದು, ಹೊದಿಕೆ ಹಾಕಿ ಕೊಡುತ್ತಿದ್ದರು. ತಾನು ಅದನ್ನು ಊಟವೆಂದು ಉಣ್ಣುತ್ತಿದ್ದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಹಿರೀಕರು," ಎಂದ ಅಣ್ಣ.

"ಹಾಸಿಗೆ ಉದ್ದಾನೇ ಇದೆ ಅಣ್ಣ. ಗಿಡ್ಡ ಇರೋದು ಕಾಲು."

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಸ್ಪೈರಲ್ ತಂತಿ ಕೈ ಜಾರಿತು. ಗಂಡ ತಿರುಗಿ ನೋಡಿದ್ದಕ್ಕೆ ಮುಖ ಗಂಭೀರ ಮಾಡಿಕೊಂಡು, "ದೂರದ ಬೆಟ್ಟ ನುಣ್ಣಗೆ ಕಣೇ," ಎಂದು ಅವನ ಪಕ್ಷ ಹಿಡಿದಳು.

"ಒರಟೋ ನುಣುಪೋ, ಹತ್ತಿರ ಹೋದ್ರೆ ತಾನೆ ಗೊತ್ತಾಗೋದು ಅತ್ತಿಗೆ? ನಾನು ಹೋಗ್ತೀನಿ."

"ಬೀಳ್ತೀಯ," ಎಂದ ಅಣ್ಣ. "ಅಮ್ಮ ಸಾಯೋವಾಗ ನಿನ್ನ ನನ್ನ ಕೈಗೆ ಕೊಟ್ಟು ಹೋಗಿದ್ದಾಳೆ. ನೆನಪಿದೆಯಾ?"

"ನೋಡ್ಕೋ ಅಂದಿದ್ದು ಅಮ್ಮ. ಮುಚ್ಚಿಡು ಅಂದಿರಲಿಲ್ಲ."

ಅಣ್ಣನ ಪ್ರೀತಿ ಹುಸಿಯಲ್ಲ, ಅದನ್ನೂ ಇಲ್ಲಿ ಹೇಳಬೇಕು. ಚಿಕ್ಕವಳಿದ್ದಾಗ ಜಿಪ್ಪಕ್ಕನಿಗೆ ಮೆಟ್ಟಿಲು ಹತ್ತಲು ತನ್ನದೇ ಒಂದು ದಾರಿಯಿತ್ತು. ಮೆಟ್ಟಿಲಿಗೆ ಬೆನ್ನು ಹಾಕಿ ಕೂರುವುದು. ಎರಡೂ ಅಂಗೈ ಹಿಂದೆ ಊರಿ, ಗಟ್ಟಿ ಕಾಲಿನಿಂದ ಒದ್ದು, ಒಂದು ಮೆಟ್ಟಿಲು ಮೇಲಕ್ಕೆ ಕೂರುವುದು. ಮತ್ತೆ ಊರುವುದು, ಮತ್ತೆ ಕೂರುವುದು. ಹೀಗೆ ಶಾಲೆಯ ಮಹಡಿಗೆ ಎಲ್ಲರಿಗಿಂತ ಕೊನೆಗೆ ಬಂದರೂ ಬಂದೇ ಬರುತ್ತಿದ್ದಳು. ಅಣ್ಣನ ಗೆಳೆಯರು ನಕ್ಕರು. ಅವನಿಗೆ ಅಳು ಬಂತು. "ಇನ್ನು ಮೇಲೆ ಹೀಗೆ ಕೂತ್ಕೊಂಡು ಹತ್ತಬೇಡ ಕಣೇ, ಜನ ನೋಡ್ತಾರೆ," ಎಂದು ಅವಳನ್ನು ಬೆನ್ನ ಮೇಲೆ ಹೊತ್ತ. ಶಾಲೆ ಮುಗಿಯುವ ತನಕ ಹೊತ್ತ. ಬೆನ್ನು ಅವನದು, ಹೀಗಾಗಿ ಹೋಗುವ ಕಡೆಯೂ ಅವನದೇ ಆಯಿತು. ಹೊತ್ತವನಿಗೂ ಅದು ಹೊಳೆಯಲಿಲ್ಲ, ಕೂತವಳಿಗೂ ಇಷ್ಟು ವರ್ಷ ಹೊಳೆದಿರಲಿಲ್ಲ.

ಮುಂದಿನ ರಜೆಯ ದಿನ ಅವಳು ದೇವರ ಮುಂದೆ ಕೈಮುಗಿದು, "ನಿನ್ನ ಹತ್ತಿರ ಅನುಮತಿ ಕೇಳ್ತಿಲ್ಲ, ಹೇಳಿ ಹೋಗ್ತಿದ್ದೀನಿ," ಎಂದಳು. ಜಿಪಿಎಸ್ ಕೊರಳಿಗೆ ಹಾಕಿಕೊಂಡು ಒಬ್ಬಳೇ ಬಸ್ಸು ಹಿಡಿದು ಗಣಿಯ ಗೇಟಿನ ಹತ್ತಿರ ಇಳಿದಳು.

ಜಿಪಿಎಸ್ ಪರದೆಯ ಬಾಣ ಚುರುಕಾಗಿ ದಾರಿ ತೋರಿಸಿತು. ತುಕ್ಕು ಹಿಡಿದ ಗೇಟು, ಮುಳ್ಳುಪೊದೆ, ಜಲ್ಲಿರಾಶಿ, ನೀರು ನಿಂತ ಹೊಂಡ. ಬಾಣ ಹೇಳಿದ ಕಡೆ, ಗಿಡ್ಡ ಕಾಲಿಗೆಂದು ಅಟ್ಟೆ ಎತ್ತರಿಸಿದ ಬೂಟನ್ನು ಊರಿ ಊರಿ ನಡೆದಳು. ನಡೆದು ನಡೆದು ಹೋಗಿ ನಿಂತದ್ದು ಒಂದು ಗೋಡೆಯ ಮುಂದೆ. ಕಲ್ಲಿನ ಗೋಡೆ, ತಲೆ ಎತ್ತಿದರೆ ಟೋಪಿ ಬೀಳುವಷ್ಟು ಎತ್ತರ. ಬಾಣ ಆ ಗೋಡೆಯೊಳಕ್ಕೇ ಬೊಟ್ಟು ಮಾಡಿತು. ಇನ್ನು ಕೂಗಳತೆ ಎಂದಿತು. ನಾಲ್ಕು ಹೆಜ್ಜೆ ಸರಿದರೆ ಎಡಕ್ಕೆಂದಿತು, ಇನ್ನೆರಡು ಸರಿದರೆ ಬಲಕ್ಕೆಂದಿತು. ಆಕಾಶದಿಂದ ಬರುವ ಸಂಕೇತ ಸುತ್ತಲಿನ ಬಂಡೆಗೆ ಬಡಿದು ಅದಕ್ಕೂ ತಲೆ ತಿರುಗಿತ್ತು.

"ಸುಳಿವಾದರೂ ಹೇಳು ತಾಯಿ," ಎಂದು ಗುಂಡಿ ಒತ್ತಿದಳು. ಪರದೆ ಖಾಲಿ. ಡಬ್ಬಿಯ ಹೆಸರಿದೆ, ಜಾಗವಿದೆ, ಒಂದಕ್ಷರ ವಿವರಣೆ ಇಲ್ಲ. ಬೇರೆ ಡಬ್ಬಿ ತೆರೆದಳು, ಅದೂ ಖಾಲಿ. ಎಲ್ಲವೂ ಮೂಕ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಣ್ಣ. "ಎಲ್ಲಿದ್ದೀಯ? ಗಣೀಲಾ? ಅಲ್ಲೇ ನಿಲ್ಲು. ಆ ಡಬ್ಬಿ ಹಾಳೆ ಪ್ರಿಂಟ್ ತೆಗೆದಿದ್ದೀನಿ, ದಾರಿ ಓದಿ ಹೇಳ್ತೀನಿ..."

ಅವಳು ಗೋಡೆಯನ್ನು ನೋಡಿದಳು. ಓದಿಸಿಕೊಂಡರೆ ಹತ್ತಬಹುದೋ ಏನೋ. ಆದರೆ ಆಮೇಲೆ ಹತ್ತಿದ್ದು ಯಾರು?

"ಓದಬೇಡ," ಎಂದಳು. "ಇಷ್ಟು ದಿನ ಮುಚ್ಚಿಟ್ಟಿದ್ದೆಯಲ್ಲ, ಇನ್ನೂ ಸ್ವಲ್ಪ ಮುಚ್ಚಿಡು." ಫೋನು ಆರಿಸಿ, ಬಂದ ದಾರಿಯಲ್ಲೇ ಹಿಂತಿರುಗಿದಳು.

ಮನೆಯಲ್ಲಿ ಯಾರೂ ಆಡಿಕೊಳ್ಳಲಿಲ್ಲ. ಆಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಅತ್ತಿಗೆ ಬಿಸಿನೀರು ತಂದು ಕಾಲಿಗೆ ಹಾಕಿದಳು. ಅಣ್ಣ ಮಗುವಿಗೆ ಸಮಾಧಾನ ಮಾಡುವ ದನಿಯಲ್ಲಿ, "ಹೋಗ್ಲಿ ಬಿಡು. ಕಾಗದ ಕಾಗದವೇ. ಮುಂದಿನ ವಾರಕ್ಕೆ ಒಂದು ಹೊಸ ಉದ್ಯಾನ ಸಿಕ್ಕಿದೆ, ಕಾರಂಜಿ ಬೇರೆ ಇದೆಯಂತೆ," ಎಂದು ಒಂದು ಹಾಳೆಯನ್ನು ಅವಳ ಹೊಲಿಗೆ ಯಂತ್ರದ ಮೇಲಿಟ್ಟ. ಮೂಲೆಯಲ್ಲಿ ಒಂದೇ ಒಂದು ನಕ್ಷತ್ರ.

ಜಿಪ್ಪಕ್ಕ ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಒಳ್ಳೆಯ ಹಾಳೆ, ದಪ್ಪನೆಯದು. ಕಲ್ಲು ಕಡಿದವರು ಹತ್ತಿದ ದಾರಿ ಎಲ್ಲೋ ಇರಲೇಬೇಕು, ಅದನ್ನು ತನ್ನ ಹಳೆಯ ರೀತಿಯಲ್ಲೇ ಹತ್ತಬೇಕು ಎಂದುಕೊಂಡಳು. ತಿರುಗಿಸಿ, ಬಿಳಿಯ ಬೆನ್ನಿನ ಮೇಲೆ ನೀಲಿ ಸೀಮೆಸುಣ್ಣದಿಂದ ಒಂದು ಆಕಾರ ಗೀಚಿದಳು. ಯಾರೋ ಬಿಟ್ಟುಹೋದ ಹಳೆಯ ಚರ್ಮದ ಸೂಟ್‌ಕೇಸು ಮೂಲೆಯಲ್ಲಿತ್ತು. ಹಾಳೆಯನ್ನು ಅದರ ಮುಚ್ಚಳದ ಮೇಲಿಟ್ಟು, ಕಾರಂಜಿ ಸಮೇತ, ಗೀಚಿದ ಗೆರೆಯ ಗುಂಟ ಚರ್ಮ ಕತ್ತರಿಸಿದಳು.

ಕಂಡಕ್ಟರ್ ಜಿಪಿಎಸ್ ತಿರುಗಿಸಿ ಮುರುಗಿಸಿ ನೋಡಿ ನಾಲಿಗೆ ಕಚ್ಚಿಕೊಂಡ. "ಅಯ್ಯೋ, ನನ್ನದೇ ತಪ್ಪು! ಚಹಾ ಕಾಯಿಸೋಕೆ ಹೋಗಿ ಕೆಟ್ಟೆ. ಇಳಿಸೋ ಕಡತದಲ್ಲಿ ಎರಡು ಥರ ಇದೆ ಜಿಪ್ಪಕ್ಕ. ಒಂದರಲ್ಲಿ ಬರೀ ಹೆಸರು, ಜಾಗ. ಇನ್ನೊಂದರಲ್ಲಿ ಮಾತು, ಸುಳಿವು, ಹಿಂದೆ ಹೋದೋರು ಬರೆದಿದ್ದು, ಎಲ್ಲ ಇರುತ್ತೆ. ನೀನು ಓಟೆ ಇಳಿಸಿಕೊಂಡಿದ್ದೀಯ, ಹಣ್ಣು ಅಲ್ಲೇ ಬಿಟ್ಟಿದ್ದೀಯ."

"ಬೇಗ ಇಳಿಸಿಕೊಡಿ."

"ನೀನೇ ಇಳಿಸು. ಈ ಸಲ ಚಹಾ ಆಮೇಲೆ."

ಅವಳೇ ಇಳಿಸಿದಳು. ಅಂಗೈಯಲ್ಲಿ ಹಿಡಿದು ತೆರೆದರೆ, ಈಗ ಡಬ್ಬಿಗಳು ಬಾಯಿಬಿಟ್ಟವು. ಗಣಿಯ ಡಬ್ಬಿ ಇಟ್ಟವರು ಹೀಗೆ ಬರೆದಿದ್ದರು: ಬಾಣ ನಂಬಿ ಗೋಡೆಯ ಬುಡಕ್ಕೆ ಹೋಗಬೇಡಿ. ಹೊಂಡದ ಎಡಕ್ಕೆ ತಿರುಗಿ. ಕಲ್ಲು ಕಡಿಯುವವರು ಹತ್ತಿ ಇಳಿಯಲೆಂದು ಬಂಡೆಯಲ್ಲೇ ಕೊರೆದ ಮೆಟ್ಟಿಲು ಸಾಲಿದೆ. ಒಂದೊಂದು ಮೆಟ್ಟಿಲೂ ಮೊಣಕಾಲೆತ್ತರ. ಹಿಡಿಯಲು ಕಂಬಿ ಇಲ್ಲ. ಕಾಲಲ್ಲಿ ಬಲವಿಲ್ಲದವರು ದಯವಿಟ್ಟು ಬರಬೇಡಿ.

"ಬರ್ತೀನಿ," ಎಂದಳು ಜಿಪ್ಪಕ್ಕ, ಪರದೆಗೆ.

"ಏನಂದೆ?"

"ನಿಮಗಲ್ಲ ಕಂಡಕ್ಟ್ರೇ."

ಅವನು ಅವಳ ಬೂಟು ನೋಡಿದ. ಗಂಟಲು ಸರಿಮಾಡಿಕೊಂಡು, "ನಾನೂ ಜೊತೆಗೆ ಬರ್ಲಾ?" ಎಂದ.

"ಬಸ್ಸಲ್ಲಿ ಎಷ್ಟೋ ಜನಾನ ಅವರವರ ಸ್ಟಾಪಲ್ಲಿ ಇಳಿಸಿದ್ದೀರಿ. ಮನೇ ತನಕ ಯಾರ ಜೊತೆಗಾದ್ರೂ ಹೋಗಿದ್ದೀರಾ?"

ಕಂಡಕ್ಟರ್ ನಕ್ಕ. "ರೈಟ್, ರೈಟ್," ಎಂದು ಬಾಗಿಲಿನ ಚೌಕಟ್ಟನ್ನು ಬಸ್ಸಿನ ಮೈ ಬಡಿದಂತೆ ಬಡಿದ.

ಮರುದಿನ ಬೆಳಿಗ್ಗೆ ಜಿಪ್ಪಕ್ಕ ಪ್ಯಾಂಟು ತೊಟ್ಟು ಕೆಳಗಿಳಿದಾಗ ಅತ್ತಿಗೆ ಬಾಯಿ ತೆರೆದು ನಿಂತಳು. ಪ್ಯಾಂಟಿನ ಹಿಂಭಾಗಕ್ಕೆ ಸೂಟ್‌ಕೇಸಿನ ಚರ್ಮ. ಎರಡು ಸಾಲು ಹೊಲಿಗೆ, ಒಳಗೆ ಹಳೇ ಕಂಬಳಿಯ ಮೆತ್ತೆ. ಅಂಗೈಗಳಿಗೂ ಅದೇ ಚರ್ಮದ ಪಟ್ಟಿ.

"ಇದೇನೇ ಇದು, ಕುದುರೆ ಮೇಲೆ ಹೊರಟಿದ್ದೀಯಾ?"

"ಕುದುರೆ ಮನೇಲೇ ಬಿಟ್ಟು ಹೋಗ್ತಿದ್ದೀನಿ ಅತ್ತಿಗೆ. ಹೊತ್ತು ಹೊತ್ತು ದಣಿದಿದೆ, ಮಲಗಿರಲಿ."

ಅತ್ತಿಗೆ ಮೇಲಿನ ಕೋಣೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ, "ನಿಮ್ಮಣ್ಣ ಏಳೋ ಹೊತ್ತಾಯ್ತು. ಬೇಗ ಹೋಗು," ಎಂದಳು. ಬಾಗಿಲಿನ ಚಿಲಕವನ್ನು ಸದ್ದಾಗದಂತೆ ಅವಳೇ ತೆಗೆದಳು.

ಹೊಂಡದ ಎಡಕ್ಕೆ, ಬರೆದ ಹಾಗೆಯೇ, ಮೆಟ್ಟಿಲು ಸಾಲಿತ್ತು. ಬಂಡೆಯ ಮೈಯಲ್ಲಿ ಉಳಿಯೇಟಿನ ಗುರುತು ಇನ್ನೂ ಮಾಸಿರಲಿಲ್ಲ. ಎಷ್ಟೋ ಜನ ಕಲ್ಲು ಹೊತ್ತು ಇಳಿದ ಜಾಗ. ನಡುವೆ ತಟ್ಟೆಯಂತೆ ಸವೆದಿತ್ತು. ಜಿಪ್ಪಕ್ಕ ಆ ಸವೆತವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ದುಡಿದವರ ಹೆಜ್ಜೆ ಬಿದ್ದ ಕಲ್ಲು ದೇವರ ಕಲ್ಲಿಗಿಂತ ಕಡಿಮೆಯಲ್ಲ ಎಂದು ಅವಳ ನಂಬಿಕೆ. ಬಳಿಕ ಬೆಟ್ಟಕ್ಕೆ ಬೆನ್ನು ಹಾಕಿ, ಮೊದಲ ಮೆಟ್ಟಿಲ ಮೇಲೆ ಕೂತಳು.

ಅಂಗೈ ಊರಿದಳು. ಗಟ್ಟಿ ಕಾಲಿಂದ ಒದ್ದಳು. ಮೇಲಕ್ಕೆ ಕೂತಳು.

ಮೈ ಆ ರೀತಿಯನ್ನು ಮರೆತಿರಲಿಲ್ಲ. ನಲವತ್ತು ದಾಟಿದ ಮೈಯೊಳಗೆ ಆ ಪುಟ್ಟ ಹುಡುಗಿ ಇಷ್ಟು ವರ್ಷ ಸುಮ್ಮನೆ ಕಾದು ಕೂತಿದ್ದಳೇನೋ ಎಂಬಂತೆ, ಊರಿ, ಒದ್ದು, ಕೂತು; ಊರಿ, ಒದ್ದು, ಕೂತು. ಗಿಡ್ಡ ಕಾಲು ಮುಂದಕ್ಕೆ ಚಾಚಿಕೊಂಡು ತಂಪಾಗಿ ಸವಾರಿ ಮಾಡುತ್ತಿತ್ತು. ಪ್ರತಿ ಮೆಟ್ಟಿಲಿಗೂ ಅವಳು ದೇವರ ಹೆಸರು ಹೇಳುತ್ತಿದ್ದಳು. ಉಸಿರು ಸಾಲದಾದಾಗ ಹೆಸರು ಅರ್ಧಕ್ಕೇ ನಿಲ್ಲುತ್ತಿತ್ತು. ಉಳಿದರ್ಧ ಅವನೇ ತುಂಬಿಕೊಳ್ಳಲಿ ಎಂದು ಬಿಟ್ಟಳು.

ಅರ್ಧ ಹತ್ತುವಷ್ಟರಲ್ಲಿ ಕೆಳಗಿನಿಂದ ಹುಡುಗಿಯೊಬ್ಬಳು, ಜೊತೆಗೊಬ್ಬ ಹುಡುಗ, ಮೊಣಕಾಲಿಗೆ ಕೈಕೊಟ್ಟುಕೊಂಡು ಏದುಸಿರು ಬಿಡುತ್ತಾ ಬಂದರು. ಇವಳನ್ನು ಕಂಡು ಹುಡುಗ ಮುಖ ಆಚೆ ತಿರುಗಿಸಿ ನಗು ನುಂಗಿದ. ಹುಡುಗಿ ಅವನ ತೋಳಿಗೆ ಗುದ್ದಿ, "ಆಂಟಿ, ಕೈ ಕೊಡ್ಲಾ?" ಎಂದಳು.

"ಬೇಡ ಮಗಳೇ, ನನ್ನ ಕೈ ಎರಡೂ ಕೆಲಸದಲ್ಲಿವೆ. ಅವನಿಗೆ ನಗು ಬರ್ತಿದ್ರೆ ನಗಲಿ ಬಿಡು, ನುಂಗಿದ್ರೆ ಹೊಟ್ಟೆನೋವು ಬರುತ್ತೆ."

ಹುಡುಗ ಕಿವಿಯ ತನಕ ಕೆಂಪಾದ. ಮುಂದೆ ಹೋಗುತ್ತಾ, "ಸಾರಿ ಆಂಟಿ," ಎಂದ.

"ಹೋಗ್ತಾ ಒಂದು ಸಲ ಹಿಂದೆ ತಿರುಗಿ ನೋಡಪ್ಪ," ಎಂದಳು ಅವಳು.

ಅವನು ತಿರುಗಿ ನೋಡಿ, ಏರಿ ಬಂದ ಎತ್ತರ ಕಂಡು ಬಂಡೆಗೆ ಅಂಟಿಕೊಂಡ. ಏಕೆಂದರೆ ಹತ್ತುವವರೆಲ್ಲ ಕಲ್ಲನ್ನೇ ನೋಡುತ್ತಾ ಹತ್ತುತ್ತಾರೆ. ಮೂಗಿನ ಮುಂದಿನ ಮೆಟ್ಟಿಲು ಬಿಟ್ಟರೆ ಅವರಿಗೆ ಏನೂ ಕಾಣದು. ಬೆನ್ನು ಕೊಟ್ಟು ಕೂತವಳಿಗೆ ಮಾತ್ರ ಒಂದೊಂದು ಮೆಟ್ಟಿಲಿಗೂ ಊರು ಒಂದೊಂದು ಮಡಿಕೆ ಬಿಚ್ಚಿಕೊಳ್ಳುತ್ತಿತ್ತು. ಮೊದಲು ಹೊಂಡ, ಅದರಲ್ಲಿ ಒಂದು ಚೂರು ಆಕಾಶ. ಆಮೇಲೆ ಗೇಟು, ಬಸ್ಸಿನ ರಸ್ತೆ. ಬಳಿಕ ತಾರಸಿಗಳು, ಒಣಗಲು ಹರವಿದ ಬಟ್ಟೆಗಳು, ನೀರಿನ ಟ್ಯಾಂಕುಗಳ ಕಪ್ಪು ಮುಚ್ಚಳ. ಇನ್ನೂ ಮೇಲೆ ಬಂದಾಗ, ಆ ರಾಶಿಯ ನಡುವೆ, ಅಂಗಡಿಯ ಹಳದಿ ಫಲಕ. ಫಲಕದ ಪಕ್ಕ ಒಂದು ಕಪ್ಪು ಚುಕ್ಕೆ: ಅವಳ ಕಿಟಕಿ.

ಇಷ್ಟು ವರ್ಷ ಅಲ್ಲಿಂದ ಇದನ್ನು ನೋಡಿದೆ. ಈಗ ಇಲ್ಲಿಂದ ಅದನ್ನು ನೋಡುತ್ತಿದ್ದೇನೆ. ಜಿಪ್ಪಕ್ಕನಿಗೆ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಗಾಳಿಯೇ ಒರೆಸಿತು.

ನೆತ್ತಿಯಲ್ಲಿ ಜಿಪಿಎಸ್ ಮತ್ತೆ ತಲೆ ತಿರುಗದೆ ನೆಟ್ಟಗೆ ಮಾತಾಡಿತು. ತೆರೆದ ಆಕಾಶವಲ್ಲವೇ. ಸುಳಿವನ್ನು ಓದಿದಳು: ಕಬ್ಬಿಣದ ಬಳೆ, ಅದರ ಕೆಳಗೆ. ಹಗ್ಗ ಕಟ್ಟಲೆಂದು ಬಂಡೆಗೆ ಹೊಡೆದ ತುಕ್ಕಿನ ಬಳೆಯೊಂದಿತ್ತು. ಅದರಡಿಯ ಬಿರುಕಿನಲ್ಲಿ, ಚಪ್ಪಟೆ ಕಲ್ಲಿನ ಹಿಂದೆ, ಹಸಿರು ಡಬ್ಬಿ. ಮುಂದೆ ಹೋಗಿದ್ದ ಹುಡುಗ ಹುಡುಗಿ ಡಬ್ಬಿಯ ಸುದ್ದಿಯೇ ಅರಿಯದೆ ಆಚೆ ಬದಿಯ ಗುಡ್ಡಕ್ಕೆ ಸಾಗಿದ್ದರು. ಮುಚ್ಚಳ ತೆಗೆದರೆ ಒಳಗೊಂದು ಪುಟ್ಟ ಚೀಲ. ಮಳೆಗೆ ನೆನೆಯದಿರಲೆಂದು ಪುಸ್ತಕವನ್ನು ಅದರಲ್ಲಿಟ್ಟಿದ್ದರು. ಚೀಲದ ಜಿಪ್ಪು ಹಲ್ಲು ಕಚ್ಚಿ ಕೂತಿತ್ತು.

ಜಿಪ್ಪಕ್ಕ ಒಬ್ಬಳೇ ಗಟ್ಟಿಯಾಗಿ ನಕ್ಕಳು. "ಇಲ್ಲೂ ಕೆಲಸ ಇಟ್ಟಿದ್ದೀಯಲ್ಲೋ ಮಹಾರಾಯ," ಎಂದು ಮೇಲೆ ನೋಡಿದಳು. ಜೇಬಿನಿಂದ ಮೇಣದ ತುಂಡು ತೆಗೆದು, ಹಲ್ಲುಗಳಿಗೆ ತಿಕ್ಕಿ, ರನ್ನರನ್ನು ಉಗುರಿನಿಂದ ಹಿಂದಕ್ಕೂ ಮುಂದಕ್ಕೂ ಮುದ್ದು ಮಾಡಿದಳು. ಬಾಯಿ ಬಿಟ್ಟಿತು. ಪೆನ್ಸಿಲು ಒಳಗೇ ಇತ್ತು.

ಆಗಲೇ ಕೆಳಗಿನಿಂದ ಕೂಗು ಬಂತು. ಗಣಿಯ ಗೋಡೆಗಳು ಅದನ್ನು ಎತ್ತಿ ಎತ್ತಿ ಮೇಲಕ್ಕೆ ಕೊಟ್ಟವು.

"ಎಲ್ಲಿದ್ದೀಯೇ?"

ಬಗ್ಗಿ ನೋಡಿದಳು. ಮೊದಲ ಮೆಟ್ಟಿಲ ಬುಡದಲ್ಲಿ ಅಣ್ಣ. ಸ್ಕೂಟರಿನ ಹೆಲ್ಮೆಟ್ಟು ತಲೆಯ ಮೇಲೇ ಇತ್ತು, ಕೈಯಲ್ಲಿ ಹೊದಿಕೆ ಹಾಕಿದ ಹಾಳೆ.

"ಮೇಲಿದ್ದೀನಿ!"

ಅಣ್ಣನ ತಲೆ ಹಿಂದಕ್ಕೆ ಬಾಗಿತು, ಹೆಲ್ಮೆಟ್ಟು ಜಾರಿತು. "ಹೇಗೆ ಹೋದೆ?"

"ಕೂತ್ಕೊಂಡು!"

"ಜನ ನೋಡಿದ್ರಾ?"

"ಇಬ್ರು ನೋಡಿದ್ರು. ಒಬ್ಬ ನಗು ನುಂಗಿದ. ನಗಲಿ ಬಿಡು ಅಂತ ನಾನೇ ಹೇಳಿದೆ!"

ಅಣ್ಣ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದ. "ಅಲ್ಲೇ ಇರು, ಅಲುಗಾಡಬೇಡ. ಸುಳಿವು ಇದೆ ಇಲ್ಲಿ, ಓದ್ತೀನಿ. ಕಬ್ಬಿಣದ..."

"ಸಿಕ್ಕಾಯ್ತು!" ಎಂದಳು. ಹಸಿರು ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು.

ಅಣ್ಣನಿಗೆ ಇನ್ನು ಓದಲು ಏನೂ ಉಳಿಯಲಿಲ್ಲ. ಹಾಳೆ ಹಿಡಿದ ಕೈ ನಿಧಾನ ಕೆಳಗಿಳಿಯಿತು. ಮತ್ತೆ ಅವನ ದನಿ ಕೇಳಿತು, ಈ ಸಲ ಅಷ್ಟು ಜೋರಾಗಿರಲಿಲ್ಲ.

"ಬರೆದೆಯಾ? ಅಣ್ಣತಂಗಿ ಅಂತ?"

ಪುಸ್ತಕ ಅವಳ ತೊಡೆಯ ಮೇಲಿತ್ತು. ಹಾಳೆ ಖಾಲಿಯಿತ್ತು. ಬರೆಯಬಹುದಿತ್ತು, ಒಂದು ಪದ ತಾನೇ, ಅಣ್ಣನಿಗೆ ಹಿತ. ಆದರೆ ಈ ಮೆಟ್ಟಿಲುಗಳನ್ನು ಅಣ್ಣತಂಗಿ ಹತ್ತಿರಲಿಲ್ಲ. ಅವಳು ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ಒತ್ತಿ, ದುಂಡಗೆ ಅಲ್ಲ, ತನ್ನ ಕೈಗೆ ಬಂದಂತೆ ಓರೆಕೋರೆಯಾಗಿ, ದೊಡ್ಡದಾಗಿ ಬರೆದಳು: ಜಿಪ್ಪಕ್ಕ. ಅದರ ಕೆಳಗೆ: ಜಿಪ್ಪು ಸರಿಮಾಡಿದೆ. ಕಾಲಲ್ಲಿ ಬಲವಿಲ್ಲದವರೂ ಬನ್ನಿ, ಕೂತು ಬನ್ನಿ.

"ಇಲ್ಲ ಅಣ್ಣ. ನನ್ನ ಹೆಸರು ಬರೆದೆ!"

"ಮತ್ತೆ ನನ್ನದು?"

"ನಿನ್ನದು ನೀನೇ ಬಂದು ಬರಿ. ಪೆನ್ಸಿಲು ಇಲ್ಲೇ ಇಟ್ಟಿರ್ತೀನಿ."

"ನನಗೆ ಎತ್ತರ ಅಂದ್ರೆ ತಲೆ ಸುತ್ತುತ್ತೆ ಕಣೇ," ಎಂದ ಅಣ್ಣ. ಇಷ್ಟು ವರ್ಷದಲ್ಲಿ ಅವನು ಈ ಮಾತು ಹೇಳಿದ್ದು ಅದೇ ಮೊದಲು.

ಜಿಪ್ಪಕ್ಕನಿಗೆ ಕನಿಕರ ಬಂತು. ಹಾಗೆಂದು ಅವಳು ಇಳಿದು ಹೋಗಲಿಲ್ಲ, ಬರೆದದ್ದನ್ನು ಅಳಿಸಲೂ ಇಲ್ಲ.

"ಬೆಟ್ಟಕ್ಕೆ ಬೆನ್ನು ಹಾಕಿ ಕೂತ್ಕೋ," ಎಂದು ಕೂಗಿದಳು. "ಕೆಳಗೆ ನೋಡಬೇಡ, ದೂರ ನೋಡು. ಅವಸರ ಇಲ್ಲ. ನಾನು ಹೊರೋದಿಲ್ಲ, ಕಾಯ್ತೀನಿ."

ಪುಸ್ತಕವನ್ನು ಚೀಲದಲ್ಲಿಟ್ಟು ಜಿಪ್ಪು ಎಳೆದಳು. ಬೆಣ್ಣೆಯಲ್ಲಿ ಕೂದಲೆಳೆದಂತೆ ಸರಿಯಿತು. ಬಳೆಯ ಪಕ್ಕ ಕೂತು, ಹೊಳೆಯ ಆಚೆ ದಡದ ಡಬ್ಬಿಗೆ ಎಷ್ಟು ದೂರವೆಂದು ಜಿಪಿಎಸ್ಸಿನಲ್ಲಿ ನೋಡತೊಡಗಿದಳು. ಅಷ್ಟರಲ್ಲಿ ಗಣಿಯ ಗೋಡೆಗಳು ಇನ್ನೊಂದು ಸಣ್ಣ ಸದ್ದನ್ನು ಮೇಲಕ್ಕೆ ತಂದುಕೊಟ್ಟವು. ಕೆಳಗೆ ಯಾರೋ ಕಾಗದ ಮಡಚಿ ಜೇಬಿಗಿಡುವ ಸದ್ದು.